ಹನ್ನೊಂದು ಡೊಮೇನ್, ಒಂದು ಸರ್ವರ್: ಎಲ್ಲಕ್ಕೂ ಒಂದೇ ಸರ್ಟಿಫಿಕೇಟೋ, ತಲೆಗೊಂದೋ?

ಸರ್ಟಿಫಿಕೇಟ್ ಅಂದರೆ ಈ ಸೈಟು ಅಸಲಿ ಅಂತ ಬ್ರೌಸರಿಗೆ ತೋರಿಸುವ ಗುರುತುಪತ್ರ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತಲೆಗೊಂದು ಸರ್ಟಿಫಿಕೇಟಿಗೆ. ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ತಂತ್ರಾಂಶ, ಅದರ ಮೇಲೆ ಸರ್ಟಿಫಿಕೇಟ್ ತಂದು ಹಾಕುವ ಸರ್ಟ್‌ಬಾಟ್, ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ ಕೊಡುವ ಉಚಿತ ಸರ್ಟಿಫಿಕೇಟ್, ಒಂದು ಡೊಮೇನಿಗೆ ಒಂದು. ಇಲ್ಲಿಗೆ ಬರುವ ಮುಂಚೆ ಬೇರೆ ಮೂರು ದಾರಿ ತುಳಿದಿದ್ದೇನೆ. ಒಂದರಲ್ಲಿ ದುಡ್ಡು ಹೋಯಿತು. ಇನ್ನೊಂದರಲ್ಲಿ ಒಂದು ಇಡೀ ಬೆಳಗ್ಗೆ ಹೋಯಿತು, ಹತ್ತು ಜನರ ಹತ್ತಿರ ಕ್ಷಮೆ ಕೇಳಿದ್ದೂ ಆಯಿತು.

ನಾನಿರುವುದು ಶಿರಸಿಯಲ್ಲಿ. ಸುತ್ತಮುತ್ತಲಿನವರ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ನಾಲ್ಕು ಹೋಮ್‌ಸ್ಟೇ, ಎರಡು ಶಾಲೆ, ಒಬ್ಬರು ಅಡಿಕೆ ವ್ಯಾಪಾರಿ, ಒಬ್ಬರು ಜೇನುತುಪ್ಪ ಮಾರುವವರು, ಒಂದು ಯಕ್ಷಗಾನ ಮೇಳ, ಒಂದು ಹಲ್ಲಿನ ಕ್ಲಿನಿಕ್, ಮತ್ತೆ ನನ್ನದೇ ಒಂದು. ಒಟ್ಟು 11 ಡೊಮೇನ್. ಎಲ್ಲವೂ 2 ಜಿಬಿ ರ‍್ಯಾಮ್ ಇರುವ ಒಂದೇ ಬಾಡಿಗೆ ಸರ್ವರ್ ಮೇಲೆ, ಒಂದೇ ಐಪಿ, ಅಂದರೆ ಒಂದೇ ಅಂಕಿಯ ವಿಳಾಸದ ಮೇಲೆ ಕೂತಿದ್ದವು. ಬ್ರೌಸರ್ ಬಾಗಿಲು ತಟ್ಟುವಾಗಲೇ ಯಾವ ಡೊಮೇನ್ ಬೇಕು ಅಂತ ಹೇಳುತ್ತದೆ. ಇದಕ್ಕೆ ಎಸ್‌ಎನ್‌ಐ ಅನ್ನುತ್ತಾರೆ. ಹಾಗಾಗಿ ಒಂದು ಐಪಿ ಮೇಲೆ ಎಷ್ಟು ಸರ್ಟಿಫಿಕೇಟ್ ಬೇಕಾದರೂ ಇಡಬಹುದು. ‘ಡೊಮೇನಿಗೊಂದು ಐಪಿ ಬೇಕು’ ಅನ್ನುವುದು ಹಳೇ ಮಾತು. ಈಗಲೂ ಯಾರಾದರೂ ಹಾಗಂತ ಹೇಳಿ ಹೆಚ್ಚಿನ ಐಪಿಗೆ ದುಡ್ಡು ಕೇಳಿದರೆ ಕೊಡಬೇಡಿ.

ದುಡ್ಡು ಕೊಟ್ಟು ತಗೊಂಡಿದ್ದು

ಶುರುವಿನಲ್ಲಿ ಉಚಿತದ್ದು ಅಂದರೆ ನನಗೆ ನಂಬಿಕೆ ಇರಲಿಲ್ಲ. ಒಂದು ಕಂಪನಿಯಿಂದ ಮಲ್ಟಿ ಡೊಮೇನ್ ಸರ್ಟಿಫಿಕೇಟ್ ತಗೊಂಡೆ, ವರ್ಷಕ್ಕೆ ಏಳು ಸಾವಿರದ ಹತ್ತಿರ. ರೇಷನ್ ಕಾರ್ಡ್ ಥರ ಅದು, ಒಂದೇ ಕಾರ್ಡಿನಲ್ಲಿ ಎಲ್ಲರ ಹೆಸರು. ಇಷ್ಟು ಹೆಸರಿನವರೆಗೆ ಒಂದು ರೇಟು, ಆಮೇಲೆ ಹೆಸರಿಗಿಷ್ಟು ಅಂತ. ಹೊಸ ಗಿರಾಕಿ ಸಿಕ್ಕರೆ ಇಡೀ ಸರ್ಟಿಫಿಕೇಟನ್ನು ಮತ್ತೆ ಮಾಡಿಸಿ ಮತ್ತೆ ಹಾಕಬೇಕು. ಡೊಮೇನ್ ನಿಮ್ಮದೇ ಅಂತ ತೋರಿಸಲು ಅಡ್ಮಿನ್ ಅನ್ನೋ ವಿಳಾಸಕ್ಕೆ ಮೇಲ್ ಕಳಿಸುತ್ತಾರೆ. ನಮ್ಮ ಅಡಿಕೆ ವ್ಯಾಪಾರಿಗೆ ಅವರ ಡೊಮೇನಿನಲ್ಲಿ ಮೇಲ್ ಇದ್ದರೆ ತಾನೇ?

ಇನ್ನೊಂದು ಪಾಠವೂ ಅಲ್ಲೇ ಆಯಿತು. ಸರ್ಟಿಫಿಕೇಟ್ ಹಾಕಿದೆ, ಲ್ಯಾಪ್‌ಟಾಪಿನಲ್ಲಿ ಬೀಗದ ಗುರುತು ಬಂತು, ಖುಷಿಯಾದೆ. ಎರಡು ದಿನ ಬಿಟ್ಟು ನೋಡಿದರೆ ಹೋಮ್‌ಸ್ಟೇ ಬುಕಿಂಗಿನ ದುಡ್ಡು ಬಂದಿದೆ, ಆದರೆ ಸೈಟಿನಲ್ಲಿ ‘ಪಾವತಿ ಬಾಕಿ’ ಅಂತಲೇ ತೋರಿಸುತ್ತಿದೆ. ಪೇಮೆಂಟ್ ಕಂಪನಿಯ ಸರ್ವರ್ ನಮ್ಮ ಸರ್ವರಿಗೆ ಸುದ್ದಿ ಮುಟ್ಟಿಸಲು ಬಂದು, ಸರ್ಟಿಫಿಕೇಟ್ ನಂಬದೆ ವಾಪಸ್ ಹೋಗಿತ್ತು. ನಾನು ನನ್ನ ಸರ್ಟಿಫಿಕೇಟ್ ಒಂದನ್ನೇ ಹಾಕಿದ್ದೆ, ನಡುವಿನ ಕೊಂಡಿ ಅಂದರೆ ಇಂಟರ್‌ಮೀಡಿಯೆಟ್ ಸರ್ಟಿಫಿಕೇಟ್ ಸೇರಿಸಿರಲಿಲ್ಲ. ಹೆಚ್ಚಿನ ಬ್ರೌಸರುಗಳು ಆ ಕೊಂಡಿಯನ್ನು ತಾವೇ ಹುಡುಕಿಕೊಳ್ಳುತ್ತವೆ. ಸರ್ವರಿನಿಂದ ಸರ್ವರಿಗೆ ಬರುವ ಪ್ರೋಗ್ರಾಮುಗಳು ಸಾಮಾನ್ಯವಾಗಿ ಹುಡುಕುವುದಿಲ್ಲ. ಅದಕ್ಕೇ ಈಗ ಬ್ರೌಸರಿನಲ್ಲಿ ನೋಡಿ ಸರಿ ಅನ್ನುವುದನ್ನು ಬಿಟ್ಟು, ಕರ್ಲ್ ಅನ್ನೋ ಕಮಾಂಡಿನಿಂದಲೂ ಒಮ್ಮೆ ನೋಡುತ್ತೇನೆ. ಸರ್ಟ್‌ಬಾಟ್‌ನಲ್ಲಿ ಈ ರಗಳೆ ಇಲ್ಲ, ಫುಲ್‌ಚೈನ್ ಅನ್ನೋ ಫೈಲಿನಲ್ಲಿ ಎಲ್ಲ ಸೇರಿಸಿಯೇ ಕೊಡುತ್ತದೆ.

ದುಡ್ಡು ಕೊಟ್ಟಿದ್ದಕ್ಕೆ ಗೂಢಲಿಪಿ ಜಾಸ್ತಿ ಗಟ್ಟಿಯಾಗೇನೂ ಇರಲಿಲ್ಲ. ವರ್ಷಕ್ಕೊಮ್ಮೆ ಹಾಕಿದರೆ ಸಾಕು ಅನ್ನೋ ಒಂದೇ ಸುಖ ಇತ್ತು. ಆ ಸುಖವೂ ಮುಗಿಯಿತು. ಸರ್ಟಿಫಿಕೇಟ್ ಕೊಡುವವರು ಮತ್ತು ಬ್ರೌಸರ್ ಮಾಡುವವರು ಸೇರಿದ ಸಿಎ ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ಒಂದು ತೀರ್ಮಾನ ಮಾಡಿತು. ಅಲ್ಲಿಯವರೆಗೆ ಹೆಚ್ಚೆಂದರೆ 398 ದಿನ ಇದ್ದ ಆಯಸ್ಸು 2026ರ ಮಾರ್ಚ್ 15ರಿಂದ 200 ದಿನಕ್ಕೆ, 2027ರ ಮಾರ್ಚ್‌ನಿಂದ 100 ದಿನಕ್ಕೆ, 2029ರ ಮಾರ್ಚ್‌ನಿಂದ 47 ದಿನಕ್ಕೆ ಇಳಿಯುತ್ತದೆ. ಆಗ ಕೈಯಲ್ಲಿ ಹಾಕುವವರು ಒಂದೂವರೆ ತಿಂಗಳಿಗೊಮ್ಮೆ ಕೂರಬೇಕು. ಹೇಗಿದ್ದರೂ ತಾನಾಗಿ ನವೀಕರಣ ಆಗುವ ವ್ಯವಸ್ಥೆ ಬೇಕೇ ಬೇಕು ಅಂದಮೇಲೆ ಏಳು ಸಾವಿರ ಯಾಕೆ? ನಾನಂತೂ ಈ ತೀರ್ಮಾನಕ್ಕೂ ಮುಂಚೆಯೇ ಅದನ್ನು ಬಿಟ್ಟಿದ್ದೆ.

ಉಚಿತದ್ದು, ಆದರೆ ಎಲ್ಲರಿಗೂ ಸೇರಿ ಒಂದೇ

ಲೆಟ್ಸ್ ಎನ್‌ಕ್ರಿಪ್ಟ್ ಎಲ್ಲರಿಗೂ ತೆರೆದಿದ್ದು 2015ರ ಡಿಸೆಂಬರ್‌ನಲ್ಲಿ. ನನಗೆ ಅದರ ಮೇಲೆ ಭರವಸೆ ಬಂದಿದ್ದು ತಡವಾಗಿ. 90 ದಿನದ ಸರ್ಟಿಫಿಕೇಟ್. ಸರ್ಟ್‌ಬಾಟ್ ಹಾಕಿದರೆ ದಿನಕ್ಕೆ ಎರಡು ಸಲ ತಾನೇ ಎದ್ದು ನೋಡಿ, ಸುಮಾರು ಒಂದು ತಿಂಗಳ ಆಯಸ್ಸು ಉಳಿದಾಗ ಹೊಸದು ತರುತ್ತದೆ. ಒಂದು ಸರ್ಟಿಫಿಕೇಟಿನಲ್ಲಿ 100 ಹೆಸರಿನವರೆಗೆ ಹಾಕಬಹುದು. ಹಳೇ ಅಭ್ಯಾಸ ಬಿಡಲಿಲ್ಲ ನೋಡಿ, ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವುದು ಇಲ್ಲದಿರುವುದು ಎರಡೂ ಸೇರಿಸಿ 22 ಹೆಸರನ್ನು ಒಂದೇ ಕಮಾಂಡಿನಲ್ಲಿ ಸಾಲಾಗಿ ಬರೆದೆ. ಒಂದು ಫೈಲು, ಎಲ್ಲ ಸೈಟಿಗೂ ಅದೇ. ನೋಡಲು ಬಹಳ ಚೊಕ್ಕವಾಗಿತ್ತು. ಎರಡು ವರ್ಷ ಏನೂ ತೊಂದರೆ ಕೊಡಲಿಲ್ಲ.

2025ರ ಆಗಸ್ಟ್ 15, ಶುಕ್ರವಾರ. ಶನಿವಾರ, ಭಾನುವಾರ ಸೇರಿ ಮೂರು ದಿನ ರಜೆ. ಮಳೆಗಾಲದ ಜಲಪಾತ ನೋಡಲು ಬೆಂಗಳೂರು, ಹುಬ್ಬಳ್ಳಿ ಕಡೆಯ ಜನ ಹೊರಡುವ ದಿನ. ನಮ್ಮ ಹೋಮ್‌ಸ್ಟೇಗಳಿಗೆ ಅದು ಸೀಸನ್. ಬೆಳಗ್ಗೆ ಆರೂವರೆಗೆ ಫೋನ್. ‘ತಂಗೀ, ನಮ್ಮ ಸೈಟ್ ಓಪನ್ ಮಾಡಿದ್ರೆ ಕಳ್ಳರು ಇದಾರೆ ಅಂತ ಬರ್ತಾ ಇದೆಯಲ್ಲೇ!’ ಅದಾಗಿ ಐದು ನಿಮಿಷಕ್ಕೆ ಶಾಲೆಯ ಗುಮಾಸ್ತರು. ಧ್ವಜಾರೋಹಣದ ನೇರ ಪ್ರಸಾರದ ಲಿಂಕನ್ನು ಪೋಷಕರಿಗೆ ಆಗಲೇ ಕಳಿಸಿಯಾಗಿತ್ತು. ನಾನು ತೆಗೆದು ನೋಡಿದೆ. ಕೆಂಪು ತ್ರಿಕೋನ, ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’. ಸರ್ವರ್ ಮೇಲಿದ್ದ ಎಲ್ಲ ಸೈಟೂ ಹಾಗೇ. ‘ಪರವಾಗಿಲ್ಲ, ಮುಂದೆ ಹೋಗು’ ಅನ್ನೋ ದಾರಿಯೂ ಇರಲಿಲ್ಲ. ಎಚ್‌ಟಿಟಿಪಿಎಸ್, ಅಂದರೆ ಸರ್ಟಿಫಿಕೇಟ್ ಇರುವ ಸುರಕ್ಷಿತ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಬರಬಾರದು ಅಂತ ಎಚ್‌ಎಸ್‌ಟಿಎಸ್ ಅನ್ನೋ ಕಟ್ಟಪ್ಪಣೆಯನ್ನು ನಾನೇ ಹಾಕಿದ್ದೆ. ಅದಿದ್ದರೆ ಬ್ರೌಸರ್ ಮುಂದೆ ಹೋಗುವ ಲಿಂಕನ್ನೇ ತೋರಿಸುವುದಿಲ್ಲ.

ಗಾಬರಿಯಲ್ಲಿ ನವೀಕರಣದ ಕಮಾಂಡನ್ನು ಮತ್ತೆ ಮತ್ತೆ ಓಡಿಸಿದೆ. ಐದು ಸಲ ಆದಮೇಲೆ ಹೊಸ ಸಂದೇಶ ಬಂತು, ಇತ್ತೀಚೆಗೆ ತುಂಬಾ ಸಲ ವಿಫಲವಾಗಿದೆ, ಆಮೇಲೆ ಬನ್ನಿ ಅಂತ. ಒಂದು ಹೆಸರಿನ ಪರಿಶೀಲನೆ ಗಂಟೆಗೆ 5 ಸಲ ಫೇಲಾದರೆ ಅವರು ತಡೆಯುತ್ತಾರೆ. ಇಡೀ ಖಾತೆಯನ್ನೇ ಮುಚ್ಚಿದರೇನೋ ಅಂದುಕೊಂಡು ಅರ್ಧ ಗಂಟೆ ಸುಮ್ನೆ ಬೇರೆ ದಾರಿ ಹುಡುಕಿದೆ. ಕೊನೆಗೆ ಸರ್ಟ್‌ಬಾಟ್ ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಫೈಲನ್ನು ಸಾವಧಾನವಾಗಿ ಮೇಲಿನಿಂದ ಓದಿದೆ. 22 ಹೆಸರಲ್ಲಿ 20 ಪಾಸು. ಜೇನುತುಪ್ಪದವರ ಎರಡು ಹೆಸರು ಮಾತ್ರ ಫೇಲು, 404, ಅಂದರೆ ಕೇಳಿದ ಫೈಲು ಸಿಗಲಿಲ್ಲ.

ಆಗಿದ್ದು ಇಷ್ಟು. ಜೂನ್‌ನಲ್ಲಿ ಜೇನುತುಪ್ಪದವರ ಅಕ್ಕನ ಮಗ ಅವರ ಅಂಗಡಿಯನ್ನು ರೆಡಿಮೇಡ್ ಸೈಟ್ ಕೊಡುವ ಬೇರೆ ಕಡೆಗೆ ಬದಲಾಯಿಸಿದ್ದ. ಡೊಮೇನ್ ಅವರದು, ಬದಲಾಯಿಸುವ ಹಕ್ಕೂ ಅವರದು. ತಪ್ಪೇನೂ ಇಲ್ಲ. ಆದರೆ ಸರ್ಟಿಫಿಕೇಟ್ ಕೇಳಿದಾಗ ಲೆಟ್ಸ್ ಎನ್‌ಕ್ರಿಪ್ಟ್ ಒಂದು ಚಿಕ್ಕ ಫೈಲನ್ನು ಆ ಡೊಮೇನಿನ ವಿಳಾಸದಲ್ಲಿ ಇಡಿಸಿ, ತಾನೇ ಬಂದು ಓದಿ ನೋಡುತ್ತದೆ. ನಾನು ನನ್ನ ಸರ್ವರಿನಲ್ಲಿ ಇಟ್ಟೆ, ಅದು ಹೋಗಿ ಅವರ ಹೊಸ ಸರ್ವರಿನಲ್ಲಿ ಹುಡುಕಿತು. ಸಿಗಲಿಲ್ಲ. ಒಂದು ಹೆಸರು ಫೇಲಾದರೆ ಇಡೀ ಸರ್ಟಿಫಿಕೇಟ್ ಬರುವುದಿಲ್ಲ. ಜುಲೈ ಮಧ್ಯದಿಂದ ಒಂದು ತಿಂಗಳು, ದಿನಕ್ಕೆರಡು ಸಲದಂತೆ ಸುಮಾರು 60 ಸಲ ಸರ್ಟ್‌ಬಾಟ್ ಪ್ರಯತ್ನಪಟ್ಟು ಸೋತಿತ್ತು. ಎಲ್ಲವೂ ಲಾಗ್‌ನಲ್ಲಿ ಬರೆದಿತ್ತು, ನಾನು ಓದಿರಲಿಲ್ಲ. ಮೊದಲಾದರೆ ಆಯಸ್ಸು ಮುಗಿಯುತ್ತಿದೆ ಅಂತ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಮೇಲ್ ಬರುತ್ತಿತ್ತು. ಅದನ್ನು ಅವರು 2025ರ ಜೂನ್ 4ಕ್ಕೆ ನಿಲ್ಲಿಸಿದ್ದರು. ಮೇಲ್ ಬರಲಿಲ್ಲ ಅಂದರೆ ಎಲ್ಲ ಸರಿ ಇದೆ ಅಂತ ನಾನು ಕೂತಿದ್ದೆ.

ಆ ಎರಡು ಹೆಸರು ತೆಗೆದು, ಉಳಿದ 20 ಹೆಸರನ್ನು ಅದೇ ಸರ್ಟಿಫಿಕೇಟಿನ ಹೆಸರಲ್ಲಿ ಮತ್ತೆ ಕೇಳಿದೆ. ಒಂದೇ ನಿಮಿಷದಲ್ಲಿ ಬಂತು. ಗಂಟೆ ಒಂಬತ್ತು ಮುಕ್ಕಾಲು. ಧ್ವಜಾರೋಹಣ ಮುಗಿದುಹೋಗಿತ್ತು.

ಇನ್ನೊಂದು ವಿಷಯ ಅವತ್ತು ಹೊಳೆಯಿತು. ಜಂಟಿ ಸರ್ಟಿಫಿಕೇಟನ್ನು ಬ್ರೌಸರಿನಲ್ಲಿ ತೆರೆದು ನೋಡಿದರೆ ಒಳಗಿನ ಎಲ್ಲ ಹೆಸರೂ ಕಾಣುತ್ತವೆ. ಒಂದು ಹೋಮ್‌ಸ್ಟೇಯವರಿಗೆ ಪಕ್ಕದ ಊರಿನ ಪೈಪೋಟಿ ಹೋಮ್‌ಸ್ಟೇಯೂ ನನ್ನ ಹತ್ತಿರವೇ ಇದೆ ಅಂತ ಗೊತ್ತಾಗುತ್ತದೆ. ನನ್ನ ಗಿರಾಕಿಗಳ ಪಟ್ಟಿಯನ್ನು ನಾನೇ ಬಾಗಿಲಿಗೆ ಅಂಟಿಸಿದ ಹಾಗೆ ಆಗಿತ್ತು.

ವೈಲ್ಡ್‌ಕಾರ್ಡ್

‘ವೈಲ್ಡ್‌ಕಾರ್ಡ್ ತಗೊಳ್ಳಿ, ಎಲ್ಲಕ್ಕೂ ಆಗುತ್ತೆ’ ಅಂತ ಹಲವರು ಹೇಳಿದರು. ಆಗುವುದಿಲ್ಲ. ಅದು ಒಂದೇ ಡೊಮೇನಿನ ಕೆಳಗಿನ ಸಬ್‌ಡೊಮೇನುಗಳಿಗೆ, ಅದೂ ಒಂದು ಮೆಟ್ಟಿಲಿಗೆ ಮಾತ್ರ. ಲೆಟ್ಸ್ ಎನ್‌ಕ್ರಿಪ್ಟ್‌ನಲ್ಲಿ ಅದಕ್ಕೆ ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್ ಯಾವ ಐಪಿಗೆ ಅಂತ ಹೇಳುವ ಪಟ್ಟಿಯಲ್ಲಿ, ಟಿಎಕ್ಸ್‌ಟಿ ಅನ್ನೋ ಬರಹದ ದಾಖಲೆ ಹಾಕಿ ತೋರಿಸಲೇಬೇಕು. ಡಿಎನ್‌ಎಸ್ ಕೊಡುವವರ ಹತ್ತಿರ ಪ್ರೋಗ್ರಾಮಿನಿಂದಲೇ ದಾಖಲೆ ಬದಲಾಯಿಸುವ ಎಪಿಐ ಇಲ್ಲದಿದ್ದರೆ ಪ್ರತಿ ಸಲ ಕೈಯಲ್ಲೇ ಹಾಕಬೇಕು. ನನಗೆ ಬೇಡ.

ಕ್ಯಾಡಿ

ಇದರ ಬಗ್ಗೆ ನನಗೆ ಗೌರವ ಇದೆ. ಎಂಜಿನ್‌ಎಕ್ಸ್ ಜಾಗದಲ್ಲಿ ನಿಲ್ಲುವ ಸರ್ವರ್. ಫೈಲಿನಲ್ಲಿ ಡೊಮೇನ್ ಹೆಸರು ಬರೆದರೆ ಸಾಕು, ಸರ್ಟಿಫಿಕೇಟ್ ತರುವುದು, ನವೀಕರಿಸುವುದು ಎಲ್ಲ ಅದರ ಜವಾಬ್ದಾರಿ. ಪ್ರತಿ ಹೆಸರಿಗೂ ಬೇರೆ ಬೇರೆ ಸರ್ಟಿಫಿಕೇಟ್, ನಾವು ಕೇಳದೆಯೇ. ಎರಡು ವಾರ ಬೇರೆ ಸರ್ವರಿನಲ್ಲಿ ನನ್ನ ಸೈಟು, ಮೇಳದ ಸೈಟು ಇಟ್ಟು ನೋಡಿದೆ. ಎಂಜಿನ್‌ಎಕ್ಸ್‌ನಲ್ಲಿ ಮೂವತ್ತು ಸಾಲು ಹಿಡಿಯುತ್ತಿದ್ದದ್ದು ಐದು ಸಾಲಿಗೆ ಇಳಿಯಿತು.

ಬಿಟ್ಟಿದ್ದಕ್ಕೆ ಕಾರಣ ನನ್ನದು, ಅದರದ್ದಲ್ಲ. ನನ್ನ ಎಂಟು ಸೈಟು ವರ್ಡ್‌ಪ್ರೆಸ್ ಅನ್ನೋ ತಂತ್ರಾಂಶದಲ್ಲಿವೆ. ಅವುಗಳ ಕ್ಯಾಶ್, ಹಳೇ ಲಿಂಕುಗಳ ರೀಡೈರೆಕ್ಟು, ಲಾಗಿನ್ ಪುಟಕ್ಕೆ ಹಾಕಿದ ಮಿತಿ, ಎಲ್ಲವೂ ಎಂಜಿನ್‌ಎಕ್ಸ್ ಭಾಷೆಯಲ್ಲಿ ಆರು ವರ್ಷದಿಂದ ಬೆಳೆದು ಬಂದಿವೆ. ಅದನ್ನೆಲ್ಲ ಹೊಸದಾಗಿ ಬರೆದು ಒಂದೊಂದಾಗಿ ಪರೀಕ್ಷೆ ಮಾಡುವಷ್ಟು ಪುರುಸೊತ್ತು ನನಗಿಲ್ಲ. 80 ಮತ್ತು 443ನೇ ಪೋರ್ಟು, ಅಂದರೆ ಸರ್ವರಿಗೆ ವೆಬ್ ಸಂಪರ್ಕ ಬರುವ ಬಾಗಿಲು, ಎರಡೂ ಕ್ಯಾಡಿಗೇ ಬೇಕು, ಹಾಗಾಗಿ ಒಂದೇ ಐಪಿಯಲ್ಲಿ ಅರ್ಧ ಸೈಟು ಇದರಲ್ಲಿ, ಅರ್ಧ ಅದರಲ್ಲಿ ಅಂತ ನಿಧಾನಕ್ಕೆ ದಾಟುವುದೂ ಸುಲಭವಲ್ಲ. ಹೊಸದಾಗಿ ಶುರು ಮಾಡುವವರು ಕಣ್ಣು ಮುಚ್ಚಿ ಕ್ಯಾಡಿ ಹಾಕಿ.

ತಲೆಗೊಂದು

ಈಗ ನನ್ನದು. ಒಂದು ಡೊಮೇನಿಗೆ ಒಂದು ಸಲ ಸರ್ಟ್‌ಬಾಟ್ ಓಡಿಸುವುದು, ಅದರ ಎರಡು ಹೆಸರು ಮಾತ್ರ ಕೊಡುವುದು. ಜೇನುತುಪ್ಪದವರು ಹೋದಮೇಲೆ ಉಳಿದ ಹತ್ತಕ್ಕೂ ಸೇರಿ ಅರ್ಧ ಗಂಟೆಯ ಕೆಲಸ. ಮೊದಲು ಪರೀಕ್ಷೆಗೆ ಅಂತಲೇ ಇರುವ ಡ್ರೈ ರನ್ ಓಡಿಸಿ, ಆಗ ಫೇಲಾದರೂ ನಿಜವಾದ ಮಿತಿಗೆ ಲೆಕ್ಕ ಆಗುವುದಿಲ್ಲ.

ಎರಡು ಕಡೆ ಎಡವುವ ಸಾಧ್ಯತೆ ಇದೆ. ಡೊಮೇನಿಗೆ ಐಪಿವಿ6ರ (ಐಪಿವಿ4ರ ನಂತರ ಬಂದ ಥರದ ಐಪಿ ವಿಳಾಸ) ಹಳೇ ದಾಖಲೆ ಉಳಿದಿದ್ದರೆ ಪರಿಶೀಲನೆ ಮೊದಲು ಆ ಕಡೆಗೇ ಹೋಗುತ್ತದೆ. ಐಪಿವಿ4 ಸರಿ ಇದ್ದರೂ ಫೇಲಾಗಬಹುದು. ಕ್ಲಿನಿಕ್ಕಿನ ಸೈಟು ಹೀಗೇ ಒಂದು ಸಂಜೆ ತಿಂದಿತು. ಎರಡನೆಯದು, ಎಂಜಿನ್‌ಎಕ್ಸ್‌ಗೆ ತನಗೆ ಗೊತ್ತಿಲ್ಲದ ಹೆಸರು ಬಂದರೆ ಮೊದಲ ಸೈಟಿನ ಸರ್ಟಿಫಿಕೇಟನ್ನೇ ಚಾಚುತ್ತದೆ. ಅಡಿಕೆ ವ್ಯಾಪಾರಿಯ ವಿಳಾಸ ತೆಗೆದರೆ ಶಾಲೆಯ ಸರ್ಟಿಫಿಕೇಟ್ ಕಂಡರೆ ಯಾರಿಗೆ ಚೆನ್ನ? ಮೊದಲಿಗೆ ಒಂದು ಖಾಲಿ ಡೀಫಾಲ್ಟ್ ಸರ್ವರ್ ಬ್ಲಾಕ್ ಬರೆದು, ಅದರಲ್ಲಿ ಎಸ್‌ಎಸ್‌ಎಲ್ ರಿಜೆಕ್ಟ್ ಹ್ಯಾಂಡ್‌ಶೇಕ್ ಆನ್ ಮಾಡಿಡಿ. ಗುರುತಿಲ್ಲದ ಹೆಸರಿಗೆ ಬಾಗಿಲೇ ತೆಗೆಯುವುದಿಲ್ಲ.

ಮೇಲ್ ಬರುವುದಿಲ್ಲ ಅಂದಮೇಲೆ ಕಾವಲು ನಾವೇ ಇಡಬೇಕು. ದಿನಾ ಬೆಳಗ್ಗೆ ಆರಕ್ಕೆ ಒಂದು ಚಿಕ್ಕ ಸ್ಕ್ರಿಪ್ಟು ಓಪನ್‌ಎಸ್‌ಎಸ್‌ಎಲ್ ಅನ್ನೋ ಕಮಾಂಡಿನಿಂದ ಹತ್ತೂ ಸೈಟನ್ನು ಹೊರಗಿನಿಂದ ತಟ್ಟಿ ನೋಡುತ್ತದೆ. ಆಯಸ್ಸು ಎಷ್ಟು ಉಳಿದಿದೆ ಅಂತ ನೋಡುವ ಅದರ ಚೆಕ್‌ಎಂಡ್ ಆಯ್ಕೆಗೆ 1209600 ಸೆಕೆಂಡು, ಅಂದರೆ 14 ದಿನ ಕೊಟ್ಟಿದ್ದೇನೆ. ಅದಕ್ಕಿಂತ ಕಡಿಮೆ ಆಯಸ್ಸು ಉಳಿದಿದ್ದರೆ ನನ್ನ ಟೆಲಿಗ್ರಾಮಿಗೆ ಸೈಟಿನ ಹೆಸರು ಬರುತ್ತದೆ. ಸರ್ವರಿನಲ್ಲಿರುವ ಫೈಲನ್ನು ನೋಡಿದರೆ ಸಾಲದು. ಫೈಲು ಹೊಸದಾಗಿದ್ದರೂ ಎಂಜಿನ್‌ಎಕ್ಸ್ ರೀಲೋಡ್ ಆಗುವವರೆಗೆ ಹಳೆಯದನ್ನೇ ತೋರಿಸುತ್ತಿರುತ್ತದೆ.

ನೂರಾರು ಡೊಮೇನ್ ಇದ್ದರೆ, ದಿನಾ ಹೊಸ ಗಿರಾಕಿ ಬರುತ್ತಿದ್ದರೆ ನನ್ನ ದಾರಿ ನಿಮಗೆ ಕೈ ಹಿಡಿಯಲಿಕ್ಕಿಲ್ಲ, ಕ್ಯಾಡಿಯೇ ಸರಿ. ಹತ್ತು ಹದಿನೈದು ಡೊಮೇನ್, ಎಂಜಿನ್‌ಎಕ್ಸ್ ಕೈಗೆ ಪಳಗಿದೆ, ಖರ್ಚಿಗೆ ಸರ್ವರ್ ಬಾಡಿಗೆ ಬಿಟ್ಟು ಒಂದು ರೂಪಾಯಿ ಇಲ್ಲ ಅನ್ನುವವರು ಹೀಗೆ ಮಾಡಿ.

ಕಳೆದ ತಿಂಗಳು ಬೆಳಗ್ಗೆ ಆರಕ್ಕೆ ಫೋನ್ ಗುಂಯ್ ಅಂದಿತು. ಒಂದು ಶಾಲೆಯ ಹೆಸರು. ಡೊಮೇನಿನ ವಾರ್ಷಿಕ ದುಡ್ಡು ಕಟ್ಟಲು ಮರೆತಿದ್ದರು, ಹೆಸರು ಎಲ್ಲಿಗೋ ತಿರುಗಿತ್ತು, ಸರ್ಟಿಫಿಕೇಟ್ ನವೀಕರಣ ನಿಂತಿತ್ತು. ಸರ್ವರಿಗೆ ಹೋಗಿ ನೋಡಿದೆ. ಉಳಿದ ಒಂಬತ್ತೂ ತಮ್ಮ ಪಾಡಿಗೆ ನವೀಕರಣವಾಗಿದ್ದವು. ಚಹಾ ಕುಡಿದು, ಶಾಲೆ ತೆರೆಯುವ ಹೊತ್ತಿಗೆ ಗುಮಾಸ್ತರಿಗೆ ಫೋನ್ ಮಾಡಿದೆ.