ಗ್ರಹಗಳ ಓಡಾಟ ಕಲಿಯಲು ಆ್ಯಪ್ ಸಾಕಾ, ಮಾಳಿಗೆ ಹತ್ತಬೇಕಾ?

ಕಲಬುರಗಿಯಲ್ಲಿ ಬೇಸಿಗೆಗೆ ಮಾಳಿಗೆ ಮೇಲೆ ಮಲಗುವವರಿಗೆ ಅರ್ಧ ಕೆಲಸ ಆಗಲೇ ಮುಗಿದಿದೆ. ಸ್ಟೆಲೇರಿಯಂ ಆ್ಯಪ್ ಒಳ್ಳೆಯದೇ, ಎರಡು ವರ್ಷದ ಆಕಾಶವನ್ನು ಎರಡು ನಿಮಿಷದಲ್ಲಿ ಓಡಿಸಿ ತೋರಿಸುತ್ತದೆ. ಆದರೆ ಬೇಗ ಮರೆತುಹೋಗುತ್ತದೆ.

ನೋಟ್‌ಬುಕ್ ದಾರಿ ನಿಧಾನ. ವಾರಕ್ಕೊಮ್ಮೆ ನಕ್ಷತ್ರಗಳ ನಡುವೆ ಮಂಗಳ ಎಲ್ಲಿದೆ ಅಂತ ಚುಕ್ಕಿ ಇಡಿ. ಸುಮಾರು 26 ತಿಂಗಳಿಗೊಮ್ಮೆ ಆ ಚುಕ್ಕಿಗಳ ಸಾಲು ಹಿಂದಕ್ಕೆ ತಿರುಗಿ, ಮತ್ತೆ ಮುಂದಕ್ಕೆ ಹೋಗುತ್ತದೆ. ಮಂಗಳವೇನೂ ಹಿಂದೆ ನಡೆದಿಲ್ಲ. ಸೂರ್ಯನ ಸುತ್ತಲು ಅದಕ್ಕೆ 687 ದಿನ ಬೇಕು, ನಮಗೆ 365 ಸಾಕು, ಹಾಗಾಗಿ ನಾವು ಅದನ್ನು ದಾಟುತ್ತೇವೆ. ಪಕ್ಕದ ಹಳಿಯ ಪ್ಯಾಸೆಂಜರನ್ನು ನಮ್ಮ ಎಕ್ಸ್‌ಪ್ರೆಸ್ ದಾಟುವಾಗ ಅದು ಹಿಂದಕ್ಕೆ ಸರಿದಂತೆ ಕಾಣುತ್ತದಲ್ವಾ, ಹಾಗೆ.

ಟೆಲಿಸ್ಕೋಪ್ ಶನಿಯ ಬಳೆ ನೋಡಲು ಬೇಕು, ಚಲನೆ ಕಲಿಯಲು ಬೇಡ. ಸುಮ್ನೆ ಈಗಲೇ ದುಡ್ಡು ಹಾಕಬೇಡಿ. ನಾನಾದರೆ ಮೊದಲು ನೋಟ್‌ಬುಕ್, ಮೋಡ ಕವಿದ ರಾತ್ರಿಗಳಿಗೆ ಆ್ಯಪ್.