3ಎ ಮಾಲಿಕ್ಯುಲರ್ ಸೀವ್: ಮಣಿಗೆ ಪೂರ್ತಿ ಅಂಕ, ಡಬ್ಬಕ್ಕೆ ಸೊನ್ನೆ

ಚಿಕ್ಕಮಗಳೂರಿನ ಮಳೆಗಾಲದಲ್ಲಿ ಲ್ಯಾಬ್ ನಡೆಸುವವರಿಗೆ 3ಎ ಮಾಲಿಕ್ಯುಲರ್ ಸೀವ್ ಎಂಬ, ತನ್ನ ಸಣ್ಣ ರಂಧ್ರಗಳಲ್ಲಿ ನೀರು ಹೀರಿಕೊಳ್ಳುವ ಈ ಬಿಳಿ ಮಣಿಗಳ ಬೆಲೆ ಗೊತ್ತಾಗುತ್ತದೆ. ಜುಲೈ ಬಂತೆಂದರೆ ಇಲ್ಲಿ ಫಿಲ್ಟರ್ ಪೇಪರೂ ಮೆತ್ತಗಾಗುತ್ತದೆ.

ನಾವು ಮಾಡುವುದು ಶಾರ್ಪ್‌ಲೆಸ್ ಎಪಾಕ್ಸಿಡೇಶನ್, ಅಂದರೆ ಪೆರಾಕ್ಸೈಡಿನಿಂದ ಆಲ್ಕೋಹಾಲಿನ ಡಬಲ್ ಬಾಂಡಿಗೆ ಒಂದು ಆಕ್ಸಿಜನ್ ಸೇರಿಸುವ ರಿಯಾಕ್ಷನ್. ಟೈಟಾನಿಯಂ-ಟಾರ್ಟ್ರೇಟ್ ಕ್ಯಾಟಲಿಸ್ಟ್, ಡೈಕ್ಲೋರೋಮೀಥೇನ್ ಸಾಲ್ವೆಂಟ್. ಅಲೈಲಿಕ್ ಆಲ್ಕೋಹಾಲ್ (ಪಕ್ಕದಲ್ಲೇ ಡಬಲ್ ಬಾಂಡ್ ಇರುವ ಆಲ್ಕೋಹಾಲ್), ಪೆರಾಕ್ಸೈಡ್ ಎರಡೂ ಒಂದೇ ಟೈಟಾನಿಯಂ ಮೇಲೆ ಕೂರಬೇಕು. ನೀರು ಬಂದು ಜಾಗ ಹಿಡಿದರೆ ಕೆಲಸ ಕೆಟ್ಟಿತು. 1980ರ ಮೂಲ ವಿಧಾನದಲ್ಲಿ ಟೈಟಾನಿಯಂ ಸಾಮಾನ್ಯವಾಗಿ ಆಲ್ಕೋಹಾಲಿಗೆ ಸಮನಾಗಿ ಬೇಕಿತ್ತು. ಫ್ಲಾಸ್ಕಿಗೆ ಸೀವ್ ಹಾಕಿದ ಮೇಲೆ ಶೇ 5ರಿಂದ 10 ಸಾಕಾಯಿತು. ನಮ್ಮಂಥ ಸಣ್ಣ ಬಜೆಟ್ಟಿನವರಿಗೆ ಅದೇ ದೊಡ್ಡ ಲಾಭ.

ಸಂಜೆ ಹೊರಡುವ ಮುಂಚೆ ಮಣಿಗಳನ್ನು ಮಫಲ್ ಫರ್ನೇಸಿನಲ್ಲಿ 300 ಡಿಗ್ರಿಗೆ ಇಡುತ್ತೇನೆ. ಬೆಳಿಗ್ಗೆ ಡೆಸಿಕೇಟರಿನಲ್ಲಿ (ತೇವ ತಾಗದಂತೆ ಮುಚ್ಚಿದ ಪಾತ್ರೆ) ತಣಿಸಿ, ನಾಲ್ಕು ಮಣಿ ವಾಚ್ ಗ್ಲಾಸಿಗೆ ಹಾಕಿ ಒಂದು ಹನಿ ನೀರು ಬಿಡುತ್ತೇನೆ. ಚುರ್ ಎನ್ನುತ್ತದೆ, ಗಾಜಿನ ತಳ ಬಿಸಿಯಾಗುತ್ತದೆ. ಆ ಬಿಸಿ ಬೆರಳಿಗೆ ತಾಗಿದರೆ ಅವತ್ತಿನ ರಿಯಾಕ್ಷನ್ ಬಗ್ಗೆ ಧೈರ್ಯ.

ಡಬ್ಬದ ವಿಷಯಕ್ಕೆ ಬಂದರೆ ಸಿಟ್ಟು ಬರುತ್ತದೆ. ಪ್ಲಾಸ್ಟಿಕ್ ಮುಚ್ಚಳ ಬಿಗಿಯಾಗಿ ಕೂರುವುದೇ ಇಲ್ಲ. ಸೀಲ್ ಒಡೆದ ದಿನವೇ ನೀರು ಬಿಟ್ಟು ನೋಡಿದೆ, ಗಾಜು ತಣ್ಣಗೇ ಇತ್ತು. ನೀರು ಹೀರುವುದಕ್ಕೆಂದೇ ಇರುವ ಸಾಮಾನನ್ನು ಹೀಗಾ ಪ್ಯಾಕ್ ಮಾಡೋದು? ಜೊತೆಗೆ ದ್ರಾವಣ ಕಲಕುವ ಮ್ಯಾಗ್ನೆಟ್ ಕೆಳಗೆ ಸಿಕ್ಕ ಮಣಿ ಪುಡಿಯಾಗಿ ದ್ರಾವಣ ಹಾಲಿನ ಹಾಗಾಗುತ್ತದೆ. ಸೋಸಿ ಸೋಸಿ ಸಾಕಾಗುತ್ತದೆ.

ಆದರೂ ಬಿಡಲಾರೆ. ಒಣಗಿಸಲು ಡೈಕ್ಲೋರೋಮೀಥೇನಿಗೆ ಸೋಡಿಯಂ ಹಾಕುವ ಹಾಗೇ ಇಲ್ಲ, ಸಿಡಿಯುತ್ತದೆ. ಕ್ಯಾಲ್ಸಿಯಂ ಹೈಡ್ರೈಡ್ ಮೇಲೆ ಡಿಸ್ಟಿಲ್ ಮಾಡೋಣವೆಂದರೆ ಮಳೆಗಾಲದಲ್ಲಿ ಕರೆಂಟಿನದೇ ಭರವಸೆ ಇಲ್ಲ. ಸೀವ್ ಮೇಲೆ ಸುಮ್ನೆ ಇಟ್ಟರೆ ಸಾಕು, ಅದರ ಪಾಡಿಗೆ ಅದು ಒಣಗುತ್ತದೆ.

ಇದನ್ನು ಹಾಕಿದರೆ ಯಾವ ಸಾಲ್ವೆಂಟಾದರೂ ನಡೆಯುತ್ತೆ ಅಂತ ನಮ್ಮ ಹುಡುಗರು ಅಂದುಕೊಳ್ಳುತ್ತಾರೆ. ನಡೆಯುವುದಿಲ್ಲ. ಸೀವ್ ತೆಗೆಯುವುದು ನೀರನ್ನು ಮಾತ್ರ. ಡಿಎಂಎಫ್ (ಡೈಮೀಥೈಲ್‌ಫಾರ್ಮಮೈಡ್) ಎಂಬ ಸಾಲ್ವೆಂಟ್ ಎಷ್ಟೇ ಒಣಗಿದ್ದರೂ ತನ್ನ ಆಕ್ಸಿಜನ್ನಿನಿಂದ ಲೋಹವನ್ನು ಹಿಡಿಯುತ್ತದೆ, ಅಸಿಟೋನೈಟ್ರೈಲ್ ನೈಟ್ರೋಜನ್ನಿನಿಂದ. ಡೈಕ್ಲೋರೋಮೀಥೇನಿಗೆ ಆ ಚಾಳಿ ತೀರಾ ಕಡಿಮೆ, ಅದಕ್ಕೇ ಟೈಟಾನಿಯಮ್ಮಿಗೆ ಅದು ಹೊಂದುತ್ತದೆ.

ಕೊಳ್ಳುವವರು ಚಿಕ್ಕ ಪ್ಯಾಕೇ ಕೊಳ್ಳಿ, ಬಂದ ದಿನವೇ ಗಾಜಿನ ಬಾಟಲಿಗೆ ಸುರಿದುಕೊಳ್ಳಿ. ಬಳಸಿದ ಮಣಿಯನ್ನು ಫ್ಯೂಮ್ ಹುಡ್ಡಿನಲ್ಲಿ ಪೂರ್ತಿ ಆರಿಸದೆ ಫರ್ನೇಸಿಗೆ ಇಡಬೇಡಿ. ಒಳಗೆ ಉಳಿದ ಡೈಕ್ಲೋರೋಮೀಥೇನ್ ಆ ಶಾಖಕ್ಕೆ ವಿಷದ ಹೊಗೆಯಾಗಬಹುದು.