1050 ಟಿಐ ಅಂತ ಕೊಟ್ಟ, ತಪ್ಪು ಲಿನಕ್ಸ್ ಮೇಲೆ ಹಾಕಿದ

ಮೊದಲೇ ಹೇಳಿಬಿಡುತ್ತೇನೆ, ಒಂದು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡಿಗೆ ಹೋದದ್ದು 5,200 ರೂಪಾಯಿ. ಅಷ್ಟೇನಾ ಅಂತ ನೀವು ಕೇಳಬಹುದು. ದುಡ್ಡು ಹೋದರೆ ಹೋಗಲಿ, ಹದಿನೈದು ದಿನ ಲಿನಕ್ಸ್‌ಗೆ ಬೈದುಕೊಂಡು ಕೂತಿದ್ದೆನಲ್ಲ, ಅದು ಉರಿಯುತ್ತಿದೆ. ದುಡ್ಡಿಗೂ ಉರಿಯುತ್ತಿದೆ, ಸುಳ್ಳು ಯಾಕೆ ಹೇಳಲಿ.

ನನ್ನ ಮನೆಯ ಕಂಪ್ಯೂಟರ್ ಹಳೆಯದು, ಇಂಟೆಲ್‌ನ ನಾಲ್ಕನೇ ಜನರೇಶನ್ ಐ5 ಪ್ರೊಸೆಸರ್. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣ ಅಂದರೆ ಎಂಟನೇ ಜನರೇಶನ್‌ಗಿಂತ ಹಳೆಯ ಇಂಟೆಲ್ ಅದಕ್ಕೆ ಆಗಿಬರುವುದಿಲ್ಲ. ಸರಿ ಅಂತ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಬ್ರೌಸರ್, ಬ್ಯಾಂಕು, ಆಫೀಸಿನ ಫೈಲು ಎಲ್ಲ ಸುಸೂತ್ರ. ಉಳಿದದ್ದು ಆಟ. ಬೋರ್ಡಿನಲ್ಲೇ ಇರುವ ಇಂಟೆಲ್ ಗ್ರಾಫಿಕ್ಸ್‌ನಲ್ಲಿ ದೊಡ್ಡ ಆಟ ಓಡುವುದಿಲ್ಲ. ಒಂದು ಕಾರ್ಡ್ ಬೇಕಿತ್ತು.

ಆಟಕ್ಕಾಗಿ ಲಿನಕ್ಸ್‌ಗೆ ಹೆದರುವ ಕಾಲ ಹೋಯಿತು ಅಂತ ನಿಮಗೂ ಗೊತ್ತು. 2018ರಲ್ಲಿ ವಾಲ್ವ್ ಕಂಪನಿಯವರು ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಬಿಟ್ಟ ಮೇಲೆ ಅವರದೇ ಆಟದ ಅಂಗಡಿ ಸ್ಟೀಮ್‌ನಲ್ಲಿ ವಿಂಡೋಸ್ ಆಟಕ್ಕೂ ಸುಮ್ನೆ ಇನ್‌ಸ್ಟಾಲ್ ಒತ್ತಿದರೆ ಸಾಕು, ಬಹಳಷ್ಟು ಓಡುತ್ತವೆ. 2022ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್‌ನ ಒಳಗಿರುವುದೂ ಲಿನಕ್ಸೇ. ಇದನ್ನೆಲ್ಲ ನಾನು ಫ್ಯಾಮಿಲಿ ಗ್ರೂಪ್‌ನಲ್ಲಿ ಅಕ್ಕನ ಮಗನಿಗೆ ಭಾಷಣ ಬಿಗಿದಿದ್ದೆ. ಅವನು ತುಮಕೂರಿನಲ್ಲಿ ಪಿಯುಸಿ ಓದುತ್ತಾನೆ, ವಿಂಡೋಸ್ ಬಿಟ್ಟರೆ ಬೇರೆ ಲೋಕವೇ ಇಲ್ಲ ಅನ್ನುವವನು. ದೀಪಾವಳಿಗೆ ಬಾ, ಜಿಟಿಎ ಫೈವ್ ಓಡಿಸಿ ತೋರಿಸುತ್ತೇನೆ ಅಂದಿದ್ದೆ. ಕಥೆಯ ಭಾಗ ಮಾತ್ರ, ಆನ್‌ಲೈನ್ ಆಟ 2024ರಲ್ಲಿ ಚೀಟಿಂಗ್ ತಡೆಯುವ ಬ್ಯಾಟಲ್‌ಐ ಸಾಫ್ಟ್‌ವೇರ್ ತಂದ ಮೇಲೆ ಲಿನಕ್ಸ್‌ನಲ್ಲಿ ನಿಂತುಹೋಯಿತು, ಅದನ್ನೂ ಹೇಳಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನನ್ನ ಚಾಳಿ. ಎದುರಿನವರೂ ಹಾಗೇ ಅಂದುಕೊಳ್ಳುವುದು ಇನ್ನೊಂದು ಚಾಳಿ.

ಹಬ್ಬಕ್ಕೆ ಎರಡು ದಿನ ಇರುವಾಗ, ಶನಿವಾರ, ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋದೆ. ಅಂಗಡಿ ಹೆಸರು ಹಾಕುವುದಿಲ್ಲ, ಕೇಳಬೇಡಿ. ಕಾಲೇಜಿನ ದಿನದಿಂದ ಆ ರಸ್ತೆಯಲ್ಲಿ ರ‍್ಯಾಮ್, ಹಾರ್ಡ್ ಡಿಸ್ಕ್, ಕೀಬೋರ್ಡ್ ಎಲ್ಲ ತಂದವನು ನಾನು. ಮೋಸ ಹೋದದ್ದು ಇದೇ ಮೊದಲು. ಇದು ಮೇಲಿನ ಮಹಡಿಯ ಅಂಗಡಿ, ಕಿರಿದಾದ ಮೆಟ್ಟಿಲು, ಒಂದು ಕೌಂಟರ್, ಹಿಂದೆ ಸೆಕೆಂಡ್ ಹ್ಯಾಂಡ್ ಮಾಲಿನ ರಾಶಿ. ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ 1050 ಟಿಐ ಕಾರ್ಡ್, 4 ಜಿಬಿ, 5,800 ಅಂದ. 5,200ಕ್ಕೆ ಇಳಿಸಿದೆ. ಇಳಿಸಿದೆ ಅಂತ ಖುಷಿ ಬೇರೆ! ಬಿಲ್ ಬೇಕಾದರೆ ಜಿಎಸ್‌ಟಿ ಸೇರುತ್ತೆ ಸರ್, ಬೇಡ ಅಲ್ವಾ ಅಂದ. ಬೇಡ ಅಂದೆ. ವಾರಂಟಿ? "ಸೆವೆನ್ ಡೇಸ್ ಟೆಸ್ಟಿಂಗ್ ವಾರಂಟಿ ಸರ್." ಅಲ್ಲಿ ಎಲ್ಲರೂ ಹೇಳುವ ಮಾತೇ.

ಲಿನಕ್ಸ್‌ಗೆ ಅಂತ ಮೊದಲೇ ಹೇಳಿದ್ದೆ. ಇದು ನೆನಪಿಡಿ, ಮುಂದೆ ಬರುತ್ತದೆ. "ಲಿನಕ್ಸ್, ಮ್ಯಾಕ್, ಎಲ್ಲದಕ್ಕೂ ಬರುತ್ತೆ ಸರ್, ಎನ್‌ವಿಡಿಯಾ ಅಲ್ವಾ" ಅಂದ.

ಕಾರ್ಡನ್ನು ತನ್ನ ಯಂತ್ರಕ್ಕೆ ಹಾಕಿ ತೋರಿಸಿದ. ಡಿವೈಸ್ ಮ್ಯಾನೇಜರ್ ತೆಗೆದ, ಅಲ್ಲಿ ಸ್ಪಷ್ಟವಾಗಿ ಜಿಟಿಎಕ್ಸ್ 1050 ಟಿಐ ಅಂತ ಇತ್ತು. ಆಮೇಲೆ ಒಂದು ಆಟ ಹಚ್ಚಿದ. ಯಾವ ಆಟ ಗೊತ್ತಾ? ಕೌಂಟರ್ ಸ್ಟ್ರೈಕ್ 1.6. ಇಪ್ಪತ್ತು ವರ್ಷದ ಹಿಂದೆ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಕೊಟ್ಟು ಆಡುತ್ತಿದ್ದೆವಲ್ಲ, ಅದೇ. ಈಗಿನ ಯಾವ ಕಾರ್ಡಿನಲ್ಲೂ ಅದು ಓಡುತ್ತದೆ, ಕಾರ್ಡ್ ಇಲ್ಲದಿದ್ದರೂ ಓಡುತ್ತದೆ. ನಾನು ಮಾತ್ರ ಹಳೇ ನೆನಪಲ್ಲಿ ಮುಳುಗಿ ಎರಡು ರೌಂಡ್ ಆಡಿ ಅವನ ಜೊತೆ ನಗಾಡಿದೆ. ಈಗ ಆ ನಗು ನೆನಪಾದರೆ ಮೈಯೆಲ್ಲ ಪರಚಿಕೊಳ್ಳಬೇಕು ಅನಿಸುತ್ತದೆ.

ಇನ್ನೊಂದು. ಕಾರ್ಡಿನ ಹಿಂದೆ ನೀಲಿ ವಿಜಿಎ ಪೋರ್ಟ್ ಇತ್ತು. ನನ್ನದು ಹಳೇ ಮಾನಿಟರ್. "ಅಡಾಪ್ಟರ್ ಖರ್ಚೂ ಉಳಿಯಿತು ಸರ್ ನಿಮಗೆ" ಅಂದ. ಹೌದಲ್ಲ ಅಂತ ನಾನೂ ಖುಷಿಪಟ್ಟೆ.

ಮನೆಗೆ ಬಂದು ಹಾಕಿದೆ. ಮಿಂಟ್ ಎದ್ದಿತು, ಡೆಸ್ಕ್‌ಟಾಪ್ ಬಂತು. ಒಳಗೆ ಯಾವ ಕಾರ್ಡ್ ಇದೆ ಅಂತ ಹೇಳುವ ಎಲ್‌ಎಸ್‌ಪಿಸಿಐ ಕಮಾಂಡ್ ಕೊಟ್ಟರೆ 1050 ಟಿಐ ಅಂತಲೇ ತೋರಿಸಿತು. ಡ್ರೈವರ್ ಮ್ಯಾನೇಜರ್, ಕಾರ್ಡ್ ನಡೆಸುವ ಎನ್‌ವಿಡಿಯಾ ಡ್ರೈವರ್ ಹಾಕಿಕೋ ಅಂತು, ಹಾಕಿದೆ. ರೀಸ್ಟಾರ್ಟ್. ಕಪ್ಪು ಪರದೆ. ರಿಕವರಿ ಮೋಡ್‌ಗೆ ಹೋಗಿ ಡ್ರೈವರ್ ಕಿತ್ತೆ, ಡೆಸ್ಕ್‌ಟಾಪ್ ಬಂತು. ಇನ್ನೊಂದು ವರ್ಶನ್ ಹಾಕಿದೆ, ಮತ್ತೆ ಕಪ್ಪು. ರಾತ್ರಿ ಎರಡು ಗಂಟೆ. ಇಡೀ ಮಿಂಟ್ ಅಳಿಸಿ ಮತ್ತೆ ಹಾಕಿದೆ. ಕಪ್ಪು. ಉಬುಂಟು ಅನ್ನುವ ಇನ್ನೊಂದು ಲಿನಕ್ಸ್ ಹಾಕಿದೆ. ಕಪ್ಪು.

ಕಾರ್ಡಿನ ಮೇಲೆ ಒಂದು ಚೂರೂ ಅನುಮಾನ ಬರಲಿಲ್ಲ, ಯಾಕೆಂದರೆ ಲಿನಕ್ಸ್ ಜನಕ್ಕೆ ಎನ್‌ವಿಡಿಯಾ ಅಂದರೆ ಮೊದಲೇ ಸಿಟ್ಟು. ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೋರ್ವಾಲ್ಡ್ಸ್ ಅವರೇ 2012ರಲ್ಲಿ ಫಿನ್‌ಲ್ಯಾಂಡಿನ ಒಂದು ವೇದಿಕೆಯಲ್ಲಿ ಆ ಕಂಪನಿಗೆ ಬೆರಳು ತೋರಿಸಿ ಬೈದಿದ್ದರು. ಹಾಗಾಗಿ ಇದೂ ಅದೇ ಗೋಳು ಅಂದುಕೊಂಡೆ.

ಹಬ್ಬಕ್ಕೆ ಹುಡುಗ ಬಂದ. ಎನ್‌ವಿಡಿಯಾ ಡ್ರೈವರ್ ಇಲ್ಲದೆ, ಮಿಂಟ್‌ನಲ್ಲೇ ಬರುವ ನೂವೋ ಡ್ರೈವರ್ ಮೇಲೆ ಜಿಟಿಎ ಹಚ್ಚಿದೆ. ತೆರೆಯುವ ಮೊದಲೇ ಮುಚ್ಚಿಕೊಂಡಿತು. ಇನ್ನೊಂದು ಆಟ, ಹಾಗೇ. ಮೂರನೆಯದು ತೆರೆಯಿತು, ಆದರೆ ಮೌಸ್ ಆಡಿಸಿದರೆ ಚಿತ್ರ ಅಲ್ಲಾಡುವುದಕ್ಕೆ ಎರಡು ಸೆಕೆಂಡ್. ಹುಡುಗ ಸ್ವಲ್ಪ ಹೊತ್ತು ನೋಡಿದ. ಒಳ್ಳೇ ಹುಡುಗ, ನಗಲಿಲ್ಲ. "ಬಿಡಿ ಮಾಮ, ವಿಂಡೋಸ್ ಹಾಕೋಣ" ಅಂದ. ನಕ್ಕಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ.

ಐದನೇ ದಿನ ಅಂಗಡಿಯವನಿಗೆ ವಾಟ್ಸಾಪ್ ಮಾಡಿದೆ. ಅವನ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ.

"ಸರ್ ಲಿನಕ್ಸ್ ಹಾಕಿದ್ರಾ? ಅದೇ ಪ್ರಾಬ್ಲಮ್."

ಲಿನಕ್ಸ್‌ಗೆ ಅಂತಲೇ ಹೇಳಿ ತಗೊಂಡಿದ್ದೆನಲ್ಲ ಅಂದೆ.

"ಲಿನಕ್ಸ್‌ಗೆ ಬರುತ್ತೆ ಸರ್. ಗೇಮಿಂಗ್‌ಗೆ ಬರಲ್ಲ. ಲಿನಕ್ಸ್‌ನಲ್ಲಿ ಗೇಮ್ ಯಾರು ಆಡ್ತಾರೆ ಸರ್?"

ನಾನು ಪ್ರೋಟಾನ್, ಸ್ಟೀಮ್ ಡೆಕ್ ಅಂತ ಉದ್ದಕ್ಕೆ ಬರೆದೆ. ಅದಕ್ಕೆ ಒಂದು ವಾಯ್ಸ್ ಮೆಸೇಜ್ ಬಂತು. "ಸರ್, ವ್ಯಾಲೊರಂಟ್ ಓಡುತ್ತಾ ಲಿನಕ್ಸ್‌ನಲ್ಲಿ? ಅಪೆಕ್ಸ್ ಓಡುತ್ತಾ? ನೀವೇ ಹೇಳಿ."

ಇಲ್ಲಿ ನಾನು ಬಿದ್ದೆ. ಅವನು ಹೇಳಿದ್ದು ನಿಜ. ವ್ಯಾಲೊರಂಟ್ ಆಟಕ್ಕೆ ಬೇಕಾದ ವ್ಯಾನ್‌ಗಾರ್ಡ್ ಅನ್ನುವ ಸಾಫ್ಟ್‌ವೇರ್ ಲಿನಕ್ಸ್‌ನಲ್ಲಿ ಇಲ್ಲವೇ ಇಲ್ಲ. ಅಪೆಕ್ಸ್ ಮೊದಲು ಓಡುತ್ತಿತ್ತು, 2024ರ ಅಕ್ಟೋಬರ್ ಕೊನೆಯಲ್ಲಿ ಕಂಪನಿಯವರೇ ಲಿನಕ್ಸ್ ಬಂದ್ ಮಾಡಿದರು. ಆ ಆಟಗಳ ತೊಂದರೆ ಚೀಟಿಂಗ್ ತಡೆಯುವ ಸಾಫ್ಟ್‌ವೇರಿನದು, ಕಾರ್ಡಿನದಲ್ಲ. ಆದರೆ ಒಂದು ನಿಜ ಹೇಳಿ ಅದರ ಮರೆಯಲ್ಲಿ ಸುಳ್ಳು ದಾಟಿಸುವುದು ಅವನಿಗೆ ಕರಗತ. ಮನಸ್ಸಿನಲ್ಲೇ, ಇರಬಹುದೇನೋ, ನನ್ನದೇ ತಪ್ಪೇನೋ ಅಂದುಕೊಂಡೆ. ಏಳು ದಿನದಲ್ಲಿ ಆರನೆಯದು ಹೀಗೆ ಹೋಯಿತು. ಏಳನೆಯದೂ ಹೋಯಿತು.

"500 ರೂಪಾಯಿ ಕೊಡಿ ಸರ್, ವಿಂಡೋಸ್ ಹಾಕಿ ಕೊಡ್ತೀನಿ, ಎಲ್ಲಾ ಗೇಮ್ ಓಡುತ್ತೆ" ಅಂತಲೂ ಕಳಿಸಿದ. ಪೈರೇಟೆಡ್ ವಿಂಡೋಸ್, ಅದರ ಮೇಲೆ ಅವನದೇ ಡ್ರೈವರ್. ಇದು ಎಂಥ ಚಮತ್ಕಾರ ಅಂತ ಆಗ ಹೊಳೆಯಲಿಲ್ಲ.

ಹೊಳೆದದ್ದು ಆಫೀಸಿನಲ್ಲಿ, ಊಟದ ಹೊತ್ತು. ಸಿಸ್ಟಮ್ ಅಡ್ಮಿನ್ ಒಬ್ಬರಿದ್ದಾರೆ, ಮಂಗಳೂರಿನವರು. ನನ್ನ ಗೋಳು ಕೇಳುತ್ತಾ ಕೇಳುತ್ತಾ ಚಮಚ ನಿಲ್ಲಿಸಿದರು.

"ಕಾರ್ಡಿಗೆ ವಿಜಿಎ ಉಂಟಾ?"

ಉಂಟು ಅಂದೆ.

"ಹಾಗಾದರೆ ಅದು 1050 ಟಿಐ ಅಲ್ಲ ಮಾರಾಯ್ರೇ."

ಅಷ್ಟೇ. ಮತ್ತೆ ಊಟ ಶುರು ಮಾಡಿದರು. ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. 1050 ಟಿಐ ಪಾಸ್ಕಲ್ ಪೀಳಿಗೆಯದು, 2016ರದ್ದು. ಆ ಪೀಳಿಗೆಗೆ ಬರುವಷ್ಟರಲ್ಲಿ ಎನ್‌ವಿಡಿಯಾ ಹಳೇ ಅನಲಾಗ್ ಸಿಗ್ನಲ್ ಕೊಡುವುದನ್ನೇ ಕೈಬಿಟ್ಟಿತ್ತು. ಅದರ ಬೆನ್ನಲ್ಲಿ ವಿಜಿಎ ಇರುವ ಮಾತೇ ಇಲ್ಲ. ವಿಜಿಎ! ಕಣ್ಣ ಮುಂದೆಯೇ ಇತ್ತು. ನಾನೇ ಅದಕ್ಕೆ ಕೇಬಲ್ ಸಿಕ್ಕಿಸಿ ಸ್ಕ್ರೂ ತಿರುಗಿಸಿದ್ದೆ.

ಸಂಜೆ ಮನೆಗೆ ಬಂದು ಅವರು ಹೇಳಿಕೊಟ್ಟ ಹಾಗೆ ಟರ್ಮಿನಲ್‌ನಲ್ಲಿ ಡಿ-ಎಂ-ಇ-ಎಸ್-ಜಿ ಅಂತ ಕೊಟ್ಟು, ಲಿನಕ್ಸ್ ಏಳುವಾಗ ಬರೆದಿಡುವ ಟಿಪ್ಪಣಿಯಲ್ಲಿ ನೂವೋ ಬರೆದಿದ್ದ ಸಾಲು ಹುಡುಕಿದೆ. ಎಲ್‌ಎಸ್‌ಪಿಸಿಐ ಕಾರ್ಡ್ ಹೇಳಿಕೊಂಡ ಐಡಿಯನ್ನು ನಂಬುತ್ತದೆ. ಕಾರ್ಡಿನ ಒಳಗೇ ಬರೆದಿರುವ ಸಾಫ್ಟ್‌ವೇರ್, ಅಂದರೆ ಬಯಾಸ್, ತಿದ್ದಿದರೆ ಅದಕ್ಕೆ ಗೊತ್ತಾಗುವುದಿಲ್ಲ. ನೂವೋ ಹಾಗಲ್ಲ, ನೇರ ಚಿಪ್ ಅನ್ನೇ ನೀನು ಯಾರು ಅಂತ ಕೇಳುತ್ತದೆ. ಚಿಪ್ ನಿಜ ಹೇಳಿತ್ತು: ಜಿಎಫ್116.

ಅಂದರೆ ಜಿಟಿಎಕ್ಸ್ 550 ಟಿಐ. 2011ರ ಕಾರ್ಡ್. 1050 ಟಿಐಯಲ್ಲಿ 768 ಕೋರ್ ಇದ್ದರೆ ಇದರಲ್ಲಿ 192. ಪ್ರೋಟಾನ್ ವಿಂಡೋಸ್ ಆಟದ ಚಿತ್ರಗಳನ್ನು ವಲ್ಕನ್ ಅನ್ನುವ, ಕಾರ್ಡಿನ ಜೊತೆ ಮಾತಾಡುವ ಭಾಷೆಗೆ ತಿರುಗಿಸಿ ಓಡಿಸುತ್ತದೆ. ಈ ಪೀಳಿಗೆಯ ಕಾರ್ಡಿಗೆ ಎನ್‌ವಿಡಿಯಾ ವಲ್ಕನ್ ಕೊಡಲೇ ಇಲ್ಲ, ಇದರ ಮುಂದಿನ ಕೆಪ್ಲರ್‌ನಿಂದ ಶುರು. ವಲ್ಕನ್‌ಇನ್ಫೋ ಕಮಾಂಡ್ ಹಾಕಿ ನೋಡಿದೆ, ಎಲ್‌ಎಲ್‌ವಿಎಂಪೈಪ್ ಅಂತ ಬಂತು, ಅಂದರೆ ಕೆಲಸವೆಲ್ಲ ಪ್ರೊಸೆಸರ್ ಮೇಲೆ. ಕಾರ್ಡ್ ಬದಿಗೆ ಕೂತು ಪಾಪದ ನನ್ನ ಐ5 ಒಬ್ಬನೇ ಚಿತ್ರ ಬಿಡಿಸುತ್ತಿದ್ದ. ಡ್ರೈವರ್ ಹಾಕಿದಾಗ ಪರದೆ ಕಪ್ಪಾದದ್ದೂ ಇದಕ್ಕೇ, 1050ರ ಡ್ರೈವರ್ 550ರ ಚಿಪ್ ಮೇಲೆ ಏಳುವುದು ಹೇಗೆ? ಎಲ್ಲವನ್ನೂ ಲಿನಕ್ಸ್ ಮೊದಲ ದಿನವೇ ಬರೆದಿಟ್ಟಿತ್ತು. ಓದಿದ್ದರೆ ತಾನೇ.

ಆ ರಾತ್ರಿ ಸಿಟ್ಟಿನಲ್ಲಿ ಒಂದು ದಡ್ಡತನ ಮಾಡಿದೆ. ನಾಲ್ಕು ಸ್ಕ್ರೂ ಬಿಚ್ಚಿ ಹೀಟ್‌ಸಿಂಕ್ ತೆಗೆದೆ. ಪೇಸ್ಟ್ ಒರೆಸಿದರೆ ಚಿಪ್ ಮೇಲೆ ಜಿಎಫ್116 ಅಂತ ಕೊರೆದಿತ್ತು. ಫೋಟೋ ತೆಗೆದು ಅವನಿಗೆ ಕಳಿಸಿದೆ. ಈಗ ಸಿಕ್ಕಿಬಿದ್ದ ಅಂದುಕೊಂಡೆ.

"ಓಪನ್ ಮಾಡಿದ್ರಾ ಸರ್? ಟ್ಯಾಂಪರಿಂಗ್ ಆಯ್ತು. ಇನ್ನು ವಾರಂಟಿ ಬರಲ್ಲ."

ಇದು ಬೇರೆಯೇ ಕಾರ್ಡ್, 1050 ಅಲ್ಲ ಅಂದೆ.

"ನಾನು ಕೊಟ್ಟಿದ್ದು 1050 ಸರ್. ನೀವು ಯಾವುದನ್ನ ಬಿಚ್ಚಿದ್ರೋ ನನಗೆ ಗೊತ್ತಿಲ್ಲ."

ಇದನ್ನು ಓದಿದಾಗ ಕೈ ನಡುಗಿತು, ನಿಜವಾಗಿ. ಶನಿವಾರ ಅಂಗಡಿಗೇ ಹೋದೆ. ಅವನು ಇರಲಿಲ್ಲ, ಒಬ್ಬ ಹುಡುಗ ಇದ್ದ, "ಅಣ್ಣ ಊರಿಗೆ ಹೋಗಿದ್ದಾರೆ" ಅಂದ. ಕೌಂಟರ್ ಮೇಲೆ ಅವನ ಅಣ್ಣನ ಫೋನ್ ಚಾರ್ಜ್‌ಗೆ ಇತ್ತು. ನಾನು ಕಾಲ್ ಮಾಡಿದೆ, ಅಲ್ಲೇ ರಿಂಗಾಯಿತು. ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು. ಸ್ವಲ್ಪ ಹೊತ್ತಿಗೆ ಅಣ್ಣ ಒಳಗಿನಿಂದ ಬಂದ. ಜಾಸ್ತಿ ಮಾತಿಲ್ಲ. "ಎಕ್ಸ್‌ಚೇಂಜ್‌ನಲ್ಲಿ 800 ಹಾಕ್ಕೊಳ್ತೀನಿ ಸರ್, ಬೇರೆ ಕಾರ್ಡ್ ತಗೊಳ್ಳಿ." ನನ್ನದೇ ಕಾರ್ಡ್, 800. ನನ್ನನ್ನೇ ಮತ್ತೆ ಗಿರಾಕಿ ಮಾಡಿಕೊಳ್ಳುವ ಧೈರ್ಯ ನೋಡಿ! ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡ್ತೀನಿ ಅಂದೆ. "ಮಾಡಿ ಸರ್, ಬಿಲ್ ನಂಬರ್ ಕೇಳ್ತಾರೆ" ಅಂದ. ಮೆಟ್ಟಿಲು ಇಳಿದು ಬಂದೆ.

ಈಗ ನಿಮಗೆ. ಬಿಲ್ ಇಲ್ಲದೆ ತರಬೇಡಿ, 18 ಪರ್ಸೆಂಟ್ ಹೋದರೆ ಹೋಗಲಿ. 1050 ಅಂತ ಹೇಳಿ ವಿಜಿಎ ತೋರಿಸಿದರೆ ಅಲ್ಲಿಂದಲೇ ನಡೆಯಿರಿ. ಪೆನ್ ಡ್ರೈವ್‌ನಲ್ಲಿ ಮಿಂಟ್ ತಗೊಂಡು ಹೋಗಿ, ಅವನ ಯಂತ್ರದಲ್ಲೇ ಇನ್‌ಸ್ಟಾಲ್ ಮಾಡದೆ ಪೆನ್ ಡ್ರೈವ್‌ನಿಂದಲೇ ಎಬ್ಬಿಸಿ ಆ ನೂವೋ ಸಾಲು ನೋಡಿ. 1050 ಟಿಐ ಆದರೆ ಜಿಪಿ107 ಅಂತ ಇರಬೇಕು. ಬೂಟ್ ಮಾಡಲು ಬಿಡುವುದಿಲ್ಲ ಅಂದರೆ ನಿಮಗೆ ಉತ್ತರ ಸಿಕ್ಕಿತು. ಕಾರ್ಡ್ ಬಿಚ್ಚಬೇಡಿ, ನನ್ನ ಹಾಗೆ ಪೆದ್ದು ಆಗಬೇಡಿ. ಕೌಂಟರ್ ಸ್ಟ್ರೈಕ್ 1.6 ಹಚ್ಚಿದರೆ ಎದ್ದು ಹೋಗಿ. ಅಸಲಿ 1050 ಟಿಐ ಸಿಕ್ಕರೂ ಅದಕ್ಕೆ 580 ಸರಣಿಯೇ ಎನ್‌ವಿಡಿಯಾದ ಕೊನೆಯ ಡ್ರೈವರ್ ಸರಣಿ, ಹಾಗಾಗಿ ನಾನು ಮುಂದೆ ತಂದರೆ ಎಎಂಡಿ ಆರ್‌ಎಕ್ಸ್ 570 ಥರದ್ದು, ಅದರ ಡ್ರೈವರ್ ಲಿನಕ್ಸ್ ಜೊತೆಗೇ ಬರುತ್ತದೆ. ಅದರಲ್ಲೂ ಕ್ರಿಪ್ಟೋ ಮೈನಿಂಗ್‌ನಲ್ಲಿ ಬೆಂದುಹೋದವು ಇರುತ್ತವಂತೆ. ಯಾರನ್ನು ನಂಬುವುದೋ.

ಅಂಗಡಿಯವನ ನಂಬರ್ ಇನ್ನೂ ಅಳಿಸಿಲ್ಲ. ನಿನ್ನೆ ಅವನ ವಾಟ್ಸಾಪ್ ಸ್ಟೇಟಸ್ ನೋಡಿದೆ. ಅದೇ ಥರದ ಕಾರ್ಡ್, ಅದೇ ನೀಲಿ ವಿಜಿಎ, ಬೆಲೆ 5,500. ಕೆಳಗೆ ಹೊಸದಾಗಿ ಒಂದು ಸಾಲು ಸೇರಿಸಿದ್ದಾನೆ: "ವಿಂಡೋಸ್ ಓನ್ಲಿ. ಲಿನಕ್ಸ್ ಕಸ್ಟಮರ್ಸ್ ದಯವಿಟ್ಟು ಬರಬೇಡಿ."